ಮಹಿಳಾ ಕಲಾವಿದರ ಲಾಭರಹಿತ ಗ್ಯಾಲರಿ: ನ್ಯೂಯಾರ್ಕಿನ ಎ.ಐ.ಆರ್. ಗ್ಯಾಲರಿಯ ಪರಿಚಯ

ಪೀಠಿಕೆ

ಚಿತ್ರಕಲೆ, ಶಿಲ್ಪಕಲೆ, ಮುದ್ರಣಕಲೆ ಮುಂತಾದ ದೃಶ್ಯಕಲೆಗಳಲ್ಲಿ ತೊಡಗಿರುವ ಮಹಿಳೆಯರು ತಮ್ಮ ಕೃತಿಗಳನ್ನು ಸಾರ್ವಜನಿಕರ ಮುಂದಿಡಲು ಮಾರಾಟದ ಗ್ಯಾಲರಿಗಳನ್ನೇ ಅವಲಂಬಿಸಬೇಕೆಂಬ ನಿಯಮವಿಲ್ಲ. ಕಲಾವಿದೆಯರೇ ಸದಸ್ಯರಾಗಿ, ಶುಲ್ಕವನ್ನು ತಾವೇ ಹಾಕಿಕೊಂಡು, ಆಡಳಿತವನ್ನೂ ತಾವೇ ನಡೆಸುವ ಲಾಭರಹಿತ ಗ್ಯಾಲರಿ ಎಂಬ ವ್ಯವಸ್ಥೆಯೊಂದು ಇರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಬಗೆಯ ಮೊದಲ ಸಂಸ್ಥೆಯೆಂದು ಗುರುತಿಸಲ್ಪಟ್ಟಿರುವುದು 1972ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಸ್ಥಾಪನೆಗೊಂಡ ಎ.ಐ.ಆರ್. ಗ್ಯಾಲರಿ. ಸದರಿ ಸಂಸ್ಥೆಯ ಸ್ಥಾಪನೆ, ಕಾರ್ಯವಿಧಾನ, ಅದು ಎದುರಿಸಿದ ತೊಡಕುಗಳು ಹಾಗೂ ಭಾರತದೊಂದಿಗೆ ಅದಕ್ಕಿರುವ ಸಂಬಂಧವನ್ನು ಕಲಾವಿದೆಯರ, ಮಹಿಳಾ ಸಂಘಗಳ ಮತ್ತು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಮಹಿಳೆಯರಲ್ಲಿ ಆತ್ಮವಿಶ್ವಾಸ ಮೂಡಿಸುವುದು ಇಂತಹ ಸಂಸ್ಥೆಗಳ ಧ್ಯೇಯವೆಂದು ಸಾಮಾನ್ಯವಾಗಿ ಎಲ್ಲ ಕರಪತ್ರಗಳಲ್ಲಿಯೂ ನಮೂದಾಗಿರುತ್ತದೆ. ಆದರೆ ಆ ಆತ್ಮವಿಶ್ವಾಸವು ಯಾವ ಮಾರ್ಗದಿಂದ ಬರುತ್ತದೆ ಎಂಬುದನ್ನು ವಿವರಿಸಿದ ಕರಪತ್ರಗಳು ಕಡಿಮೆ. ಪ್ರೋತ್ಸಾಹದ ಮಾತುಗಳಿಂದ ಬರುವುದಕ್ಕಿಂತ ಹೆಚ್ಚಾಗಿ, ನಿರ್ಧಾರ ಕೈಗೊಳ್ಳುವ ಅಧಿಕಾರವೂ ಅದರ ಹೊಣೆಯೂ ತಮ್ಮ ಕೈಯಲ್ಲಿದ್ದಾಗ ಅದು ಬರುತ್ತದೆ ಎಂಬುದಕ್ಕೆ ಈ ಗ್ಯಾಲರಿಯ ಇತಿಹಾಸವು ಉತ್ತಮ ನಿದರ್ಶನವಾಗಿದೆ.

ಸ್ಥಾಪನೆಯ ಹಿನ್ನೆಲೆ

1960ರ ದಶಕದ ಕೊನೆಯ ವೇಳೆಗೆ ನ್ಯೂಯಾರ್ಕ್ ನಗರದ ಕಲಾಶಾಲೆಗಳಲ್ಲಿ ವಿದ್ಯಾರ್ಥಿನಿಯರಿಗೆ ಕೊರತೆಯಿರಲಿಲ್ಲ. ಗ್ಯಾಲರಿಗಳ ಮತ್ತು ವಸ್ತುಸಂಗ್ರಹಾಲಯಗಳ ಗೋಡೆಗಳ ಮೇಲೆ ಮಾತ್ರ ಮಹಿಳೆಯರ ಕೃತಿಗಳು ಅಪರೂಪವಾಗಿದ್ದವು. ವಿಟ್ನಿ ವಸ್ತುಸಂಗ್ರಹಾಲಯವು 1969ರಲ್ಲಿ ಏರ್ಪಡಿಸಿದ ವಾರ್ಷಿಕ ಪ್ರದರ್ಶನದಲ್ಲಿ ಆಯ್ಕೆಯಾಗಿದ್ದ 143 ಕಲಾವಿದರಲ್ಲಿ ಮಹಿಳೆಯರ ಸಂಖ್ಯೆ ಕೇವಲ 8. ಮರುವರ್ಷ ಕಲಾವಿದೆಯರ ಸಮಿತಿಯೊಂದು ಶೇಕಡ 50ರಷ್ಟು ಸ್ಥಾನ ನೀಡಬೇಕೆಂದು ಅದೇ ವಸ್ತುಸಂಗ್ರಹಾಲಯದ ಮುಂದೆ ಪ್ರತಿಭಟನೆ ನಡೆಸಿತು. ಆ ವರ್ಷದ ಶಿಲ್ಪಕಲಾ ಪ್ರದರ್ಶನದಲ್ಲಿ ಮಹಿಳೆಯರ ಪಾಲು ಸುಮಾರು ಐದನೆಯ ಒಂದು ಭಾಗಕ್ಕೆ ಏರಿತು. ಕೇಳಿದ್ದು ಸಿಗಲಿಲ್ಲವಾದರೂ, ಕೇಳದೆ ಇದ್ದಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ ಎಂಬುದು ಇದರಿಂದ ತಿಳಿದುಬರುತ್ತದೆ. 1971ರಲ್ಲಿ ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್ ಅವರು, ಮಹಾನ್ ಕಲಾವಿದೆಯರು ಏಕೆ ಕಾಣಿಸಿಕೊಂಡಿಲ್ಲ ಎಂಬ ಪ್ರಶ್ನೆಯನ್ನೆತ್ತಿ ಪ್ರಬಂಧವೊಂದನ್ನು ಪ್ರಕಟಿಸಿದರು. ಕೊರತೆಯು ಸ್ತ್ರೀಯರ ಪ್ರತಿಭೆಯಲ್ಲಿಲ್ಲ, ಶಿಕ್ಷಣ ಮತ್ತು ಸಂಸ್ಥೆಗಳ ಏರ್ಪಾಡಿನಲ್ಲಿದೆ ಎಂಬುದು ಅವರ ವಾದದ ಸಾರಾಂಶವಾಗಿತ್ತು.

ಅದೇ ವರ್ಷ ವಿಮರ್ಶಕಿ ಲೂಸಿ ಲಿಪಾರ್ಡ್ ಅವರು ಕನೆಕ್ಟಿಕಟ್ ರಾಜ್ಯದ ಆಲ್ಡ್ರಿಚ್ ವಸ್ತುಸಂಗ್ರಹಾಲಯದಲ್ಲಿ 26 ಸಮಕಾಲೀನ ಕಲಾವಿದೆಯರ ಪ್ರದರ್ಶನವೊಂದನ್ನು ಸಂಯೋಜಿಸಿದರು. ಮಹಿಳೆಯರು ಉತ್ತಮ ಕೃತಿಗಳನ್ನು ರಚಿಸುತ್ತಿದ್ದರೆ ಅವು ನಮಗೆ ಕಾಣುತ್ತಿಲ್ಲವೇಕೆ ಎಂಬುದು ಆಯ್ಕೆ ಮಾಡುವವರು ಆಗ ಸಾಮಾನ್ಯವಾಗಿ ನೀಡುತ್ತಿದ್ದ ಉತ್ತರವಾಗಿತ್ತು. ಇದಕ್ಕೆ ಪ್ರತಿಯಾಗಿ ಕಲಾವಿದೆಯರು ತಮ್ಮ ಕೃತಿಗಳ ಸ್ಲೈಡುಗಳನ್ನು ಒಂದೆಡೆ ಸಂಗ್ರಹಿಸಿ, ಯಾರು ಬೇಕಾದರೂ ಬಂದು ನೋಡಬಹುದಾದ ನೋಂದಣಿಯೊಂದನ್ನು ಸಿದ್ಧಪಡಿಸಿದರು.

ಇಪ್ಪತ್ತು ಮಂದಿ ಸದಸ್ಯೆಯರು

ಶಿಲ್ಪಿಗಳಾದ ಬಾರ್ಬರಾ ಜುಕರ್ ಮತ್ತು ಸುಸಾನ್ ವಿಲಿಯಮ್ಸ್ ಅವರು ಮಹಿಳೆಯರದೇ ಆದ ಗ್ಯಾಲರಿಯೊಂದನ್ನು ತೆರೆಯುವ ವಿಚಾರ ಮಾಡಿದರು. ಡಾಟಿ ಆಟಿ, ಮಾಡ್ ಬೋಲ್ಟ್ಸ್, ಮೇರಿ ಗ್ರಿಗೋರಿಯಾಡಿಸ್ ಹಾಗೂ ನ್ಯಾನ್ಸಿ ಸ್ಪೀರೊ ಅವರು ಇವರನ್ನು ಕೂಡಿಕೊಂಡರು. ಈ ಆರು ಮಂದಿ ಸ್ಲೈಡುಗಳ ನೋಂದಣಿಯಲ್ಲಿದ್ದ ನೂರಾರು ಕಲಾವಿದೆಯರ ಕೃತಿಗಳನ್ನು ಪರಿಶೀಲಿಸಿ, ಅನೇಕರ ಕಾರ್ಯಾಗಾರಗಳಿಗೆ ಖುದ್ದಾಗಿ ಭೇಟಿ ನೀಡಿ, ಇನ್ನೂ 14 ಮಂದಿಯನ್ನು ಆಯ್ಕೆ ಮಾಡಿದರು. ಹೀಗೆ 20 ಮಂದಿ ಸಂಸ್ಥಾಪಕ ಸದಸ್ಯೆಯರಾದರು. ಇವರಲ್ಲಿ ಆಗ್ನೆಸ್ ಡೀನ್ಸ್, ಹಾರ್ಮನಿ ಹ್ಯಾಮಂಡ್, ಜುಡಿತ್ ಬರ್ನ್‌ಸ್ಟೈನ್, ರೋಸ್‌ಮೇರಿ ಮೇಯರ್, ಹೊವಾರ್ಡೀನಾ ಪಿಂಡೆಲ್ ಮೊದಲಾದವರು ಸೇರಿದ್ದರು. ಒಬ್ಬರ ಶೈಲಿ ಇನ್ನೊಬ್ಬರ ಶೈಲಿಯನ್ನು ಹೋಲುತ್ತಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಸ್ತ್ರೀಯರ ಕಲೆಯೆಂದರೆ ಹೀಗಿರಬೇಕು ಎಂಬ ಕಟ್ಟುಪಾಡನ್ನು ಅವರು ವಿಧಿಸಿಕೊಳ್ಳಲಿಲ್ಲ. ಕೃತಿಯ ಗುಣಮಟ್ಟವನ್ನು ಮಾತ್ರ ನೋಡಿದರು.

ಹೆಸರಿನ ವಿಚಾರವೂ ಸ್ವಾರಸ್ಯಕರವಾಗಿದೆ. ಪಿಂಡೆಲ್ ಅವರು ಕಾದಂಬರಿಯ ನಾಯಕಿ ಜೇನ್ ಏರ್‌ಳನ್ನು ನೆನಪಿಸುವ ‘ಏರ್ ಗ್ಯಾಲರಿ’ ಎಂಬ ಹೆಸರನ್ನು ಸೂಚಿಸಿದರು. ಸೋಹೊ ಪ್ರದೇಶದ ಹಳೆಯ ಕಾರ್ಖಾನೆ ಕಟ್ಟಡಗಳಲ್ಲಿ ಕಲಾವಿದರು ವಾಸವಿದ್ದರೆ, ಬೆಂಕಿ ಅನಾಹುತದ ಸಂದರ್ಭದಲ್ಲಿ ಅಗ್ನಿಶಾಮಕ ಸಿಬ್ಬಂದಿಗೆ ತಿಳಿಯಲೆಂದು ಬಾಗಿಲಿನ ಬಳಿ ‘ಎ.ಐ.ಆರ್.’ ಅಂದರೆ ‘ಆರ್ಟಿಸ್ಟ್ ಇನ್ ರೆಸಿಡೆನ್ಸ್’ ಎಂಬ ಫಲಕವನ್ನು ಹಾಕಬೇಕಾಗಿತ್ತು. ಎರಡೂ ಉಚ್ಚಾರಣೆಯಲ್ಲಿ ಕೂಡಿಬಂದವು. ಒಳಗೆ ಕಲಾವಿದರಿದ್ದಾರೆ, ಮರೆಯಬೇಡಿ ಎಂದು ತಿಳಿಸುವ ಸುರಕ್ಷತಾ ಫಲಕವೇ ಗ್ಯಾಲರಿಯ ಹೆಸರಾಯಿತು.

ವೂಸ್ಟರ್ ಬೀದಿಯ 97ನೆಯ ಸಂಖ್ಯೆಯ ಕಟ್ಟಡದಲ್ಲಿದ್ದ ಹಳೆಯ ಯಂತ್ರಾಗಾರವೊಂದನ್ನು ಬಾಡಿಗೆಗೆ ಪಡೆಯಲಾಯಿತು. ಗೋಡೆ ಕಟ್ಟುವುದು, ಗಾರೆ ಮಾಡುವುದು, ಬಣ್ಣ ಬಳಿಯುವುದು ಮುಂತಾದ ಕೆಲಸಗಳನ್ನು ಸದಸ್ಯೆಯರೇ ನಿರ್ವಹಿಸಿದರು. ಇದು ಕೇವಲ ಹಣದ ಉಳಿತಾಯಕ್ಕಾಗಿ ಮಾಡಿದ ಕೆಲಸವೆಂದು ಭಾವಿಸುವಂತಿಲ್ಲ; ತಾವು ಎಬ್ಬಿಸಿದ ಗೋಡೆಯ ಮೇಲೆ ತಮ್ಮ ಕೃತಿಯನ್ನು ತೂಗುಹಾಕಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. 1972ರ ಸೆಪ್ಟೆಂಬರ್ 16ರಂದು ಗ್ಯಾಲರಿಯು ಸಾರ್ವಜನಿಕರಿಗೆ ತೆರೆಯಿತು.

ಕಾರ್ಯವಿಧಾನ

ಮಾರಾಟದ ಗ್ಯಾಲರಿಯಲ್ಲಿ ಮಾಲೀಕರು ಕಲಾವಿದರನ್ನು ಆಯ್ಕೆ ಮಾಡುತ್ತಾರೆ ಮತ್ತು ಮಾರಾಟದ ಮೊತ್ತದಲ್ಲಿ ಸಾಮಾನ್ಯವಾಗಿ ಅರ್ಧದಷ್ಟನ್ನು ಪಡೆಯುತ್ತಾರೆ. ಮಾರಾಟವಾಗದ ಕೃತಿಗೆ ಅಲ್ಲಿ ಎರಡನೆಯ ಅವಕಾಶ ದೊರೆಯುವುದು ಕಷ್ಟ. ಸಹಕಾರಿ ತತ್ವದ ಲಾಭರಹಿತ ಗ್ಯಾಲರಿಯಲ್ಲಿ ಸದಸ್ಯೆಯರು ಶುಲ್ಕ ಪಾವತಿಸುತ್ತಾರೆ, ಹೊಸ ಸದಸ್ಯೆಯರನ್ನು ಹಳೆಯ ಸದಸ್ಯೆಯರೇ ಕೃತಿಗಳನ್ನು ನೋಡಿ ಆರಿಸುತ್ತಾರೆ, ಪ್ರತಿಯೊಬ್ಬರಿಗೂ ಸರದಿಯ ಮೇರೆಗೆ ಏಕವ್ಯಕ್ತಿ ಪ್ರದರ್ಶನದ ಅವಕಾಶವಿರುತ್ತದೆ. ತನ್ನ ಪ್ರದರ್ಶನದಲ್ಲಿ ಏನನ್ನು ಇಡಬೇಕು, ಹೇಗೆ ಇಡಬೇಕು ಎಂಬುದು ಆ ಕಲಾವಿದೆಯ ನಿರ್ಧಾರವಾಗಿರುತ್ತದೆ. ಲೆಕ್ಕಪತ್ರ, ಸಭೆಯ ನಡವಳಿ, ಅನುದಾನದ ಅರ್ಜಿ, ಸಂದರ್ಶಕರಿಗೆ ಮಾಹಿತಿ ನೀಡುವುದು ಇವೆಲ್ಲವೂ ಸದಸ್ಯೆಯರ ಪಾಲಿಗೆ ಬರುತ್ತವೆ. ಸದಸ್ಯತ್ವ ಶುಲ್ಕದ ಜೊತೆಗೆ ಸಾರ್ವಜನಿಕ ಅನುದಾನಗಳೂ ದೇಣಿಗೆಗಳೂ ಎ.ಐ.ಆರ್. ಗ್ಯಾಲರಿಗೆ ಆಧಾರವಾಗಿವೆ. ಅಂಚೆ ಕಾರ್ಡಿನ ಗಾತ್ರದ ಕೃತಿಗಳನ್ನು ಕಲಾವಿದರಿಂದ ಪಡೆದು, ಕಡಿಮೆ ಬೆಲೆಗೆ ಮಾರಿ ನಿಧಿ ಸಂಗ್ರಹಿಸುವ ಪ್ರದರ್ಶನವನ್ನೂ ಗ್ಯಾಲರಿಯು ನಡೆಸುತ್ತ ಬಂದಿದೆ.

ಮಾರಾಟದ ಒತ್ತಡವಿಲ್ಲದಿರುವುದರ ಪರಿಣಾಮವು ಕೃತಿಗಳಲ್ಲಿಯೇ ಕಂಡುಬರುತ್ತದೆ. ನ್ಯಾನ್ಸಿ ಸ್ಪೀರೊ (1926-2009) ಅವರಿಗೆ ಗ್ಯಾಲರಿ ಸೇರುವ ವೇಳೆಗೆ 46 ವರ್ಷ ವಯಸ್ಸು. ಕ್ಯಾನ್ವಾಸಿನ ಮೇಲೆ ತೈಲವರ್ಣ ಬಳಸುವುದನ್ನು ಬಿಟ್ಟು, ಕಾಗದದ ಉದ್ದನೆಯ ಸುರುಳಿಗಳ ಮೇಲೆ ಚಿತ್ರ ಹಾಗೂ ಬೆರಳಚ್ಚು ಯಂತ್ರದ ಅಕ್ಷರಗಳನ್ನು ಕೂಡಿಸುವ ವಿಧಾನವನ್ನು ಅವರು ಅನುಸರಿಸುತ್ತಿದ್ದರು. 1976ರಲ್ಲಿ ಪೂರ್ಣಗೊಂಡ ‘ಟಾರ್ಚರ್ ಆಫ್ ವಿಮೆನ್’ ಎಂಬ ಕೃತಿಯು 14 ಭಾಗಗಳಲ್ಲಿದ್ದು, ಸುಮಾರು 125 ಅಡಿ ಉದ್ದವಿದೆ. ಸೆರೆಯಲ್ಲಿ ಹಿಂಸೆಗೊಳಗಾದ ಮಹಿಳೆಯರ ಬಗ್ಗೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ವರದಿಗಳಲ್ಲಿದ್ದ ವಿವರಗಳನ್ನು ಅದರಲ್ಲಿ ಬಳಸಿಕೊಳ್ಳಲಾಗಿದೆ. ಮನೆಯ ಗೋಡೆಗೆ ಒಪ್ಪುವ ಕೃತಿ ಇದಲ್ಲ. ಕೊಳ್ಳುವವರನ್ನು ಹುಡುಕಬೇಕಾದ ಗ್ಯಾಲರಿಯೊಂದು ಆ ದಿನಗಳಲ್ಲಿ ಇದಕ್ಕೆ ಗೋಡೆ ಬಿಟ್ಟುಕೊಡುತ್ತಿತ್ತೆಂದು ಹೇಳಲಾಗದು, ಎ.ಐ.ಆರ್. ಗ್ಯಾಲರಿಯಲ್ಲಿ ಅದು ಪ್ರದರ್ಶನಗೊಂಡಿತು. ಸ್ಪೀರೊ ಅವರ ಕೃತಿಗಳು ಮುಂದೆ ಪ್ರಮುಖ ವಸ್ತುಸಂಗ್ರಹಾಲಯಗಳನ್ನು ಸೇರಿದವು.

ಇನ್ನೊಂದು ಉದಾಹರಣೆ ಜುಡಿತ್ ಬರ್ನ್‌ಸ್ಟೈನ್ ಅವರದು. ಇದ್ದಿಲಿನಿಂದ ರಚಿಸಿದ ಬೃಹತ್ ತಿರುಪುಮೊಳೆಗಳ ಚಿತ್ರಗಳನ್ನು ಅವರು 1973ರಲ್ಲಿ ಈ ಗ್ಯಾಲರಿಯಲ್ಲಿ ಪ್ರದರ್ಶಿಸಿದರು. ಮರುವರ್ಷ ಫಿಲಡೆಲ್ಫಿಯಾ ನಗರದಲ್ಲಿ ಮಹಿಳೆಯರ ಕೃತಿಗಳಿಗಾಗಿಯೇ ಏರ್ಪಡಿಸಿದ್ದ ಪ್ರದರ್ಶನವೊಂದರಿಂದ ಅದೇ ಸರಣಿಯ ಚಿತ್ರವೊಂದನ್ನು ಅಶ್ಲೀಲವೆಂಬ ಕಾರಣ ನೀಡಿ ತೆಗೆದುಹಾಕಲಾಯಿತು. ಅನೇಕ ಕಲಾವಿದರು ಮತ್ತು ವಿಮರ್ಶಕರು ಸಹಿ ಹಾಕಿ ಮನವಿ ಸಲ್ಲಿಸಿದರೂ ಚಿತ್ರವು ಪ್ರದರ್ಶನಕ್ಕೆ ಮರಳಲಿಲ್ಲ. ಮಹಿಳೆಯರಿಗಾಗಿ ಏರ್ಪಡಿಸಿದ ಪ್ರದರ್ಶನ ಬೇರೆ, ಮಹಿಳೆಯರು ನಡೆಸುವ ಗ್ಯಾಲರಿ ಬೇರೆ ಎಂಬ ವ್ಯತ್ಯಾಸವನ್ನು ಅರ್ಜಿದಾರರು ಇಲ್ಲಿ ಗಮನಿಸಬಹುದು.

ಒಳಗಿನಿಂದಲೇ ಬಂದ ಆಕ್ಷೇಪ

ಈ ಗ್ಯಾಲರಿಯ ಇತಿಹಾಸವನ್ನು ಯಶಸ್ಸಿನ ಪಟ್ಟಿಯಾಗಿ ಮಾತ್ರ ಹೇಳುವುದು ಸರಿಯಾಗದು. 20 ಮಂದಿ ಸಂಸ್ಥಾಪಕರಲ್ಲಿ ಕಪ್ಪು ವರ್ಣೀಯರಾಗಿದ್ದವರು ಹೊವಾರ್ಡೀನಾ ಪಿಂಡೆಲ್ ಒಬ್ಬರೇ. ಗ್ಯಾಲರಿಗೆ ಹೆಸರು ಸೂಚಿಸಿದ ಅವರು 1975ರಲ್ಲಿ ಸದಸ್ಯತ್ವವನ್ನು ತೊರೆದರು. ಪುರುಷರಿಂದ ತಮಗಾದ ತಾರತಮ್ಯವನ್ನು ಸ್ಪಷ್ಟವಾಗಿ ಕಾಣುತ್ತಿದ್ದ ಬಿಳಿಯ ಮಹಿಳೆಯರು ವರ್ಣಭೇದದ ಮಾತು ಬಂದಾಗ ಅದನ್ನು ಬದಿಗೆ ಸರಿಸುತ್ತಿದ್ದರು ಎಂಬುದು ಅಂದಿನ ಮಹಿಳಾ ಚಳವಳಿಯ ಬಗ್ಗೆ ಅವರ ದೂರಾಗಿತ್ತು.

ಕ್ಯೂಬಾ ದೇಶದಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಕಳುಹಿಸಲ್ಪಟ್ಟಿದ್ದ ಆನಾ ಮೆಂಡಿಯೆಟಾ (1948-1985) ಅವರು 1978ರಲ್ಲಿ ಸದಸ್ಯರಾದರು. ಮಣ್ಣು, ಹುಲ್ಲು, ಬೆಂಕಿ, ನೀರುಗಳಲ್ಲಿ ಸ್ತ್ರೀದೇಹದ ಆಕೃತಿಯನ್ನು ಮೂಡಿಸಿ ತೆಗೆದ ಅವರ ಛಾಯಾಚಿತ್ರಗಳು 1979ರಲ್ಲಿ ಇಲ್ಲಿ ಪ್ರದರ್ಶನಗೊಂಡವು. ಮರುವರ್ಷ, ಅಂದರೆ 1980ರ ಸೆಪ್ಟೆಂಬರ್‌ನಲ್ಲಿ, ಮೆಂಡಿಯೆಟಾ ಅವರು ಜಪಾನ್ ಮೂಲದ ಕಜುಕೊ ಮಿಯಾಮೊಟೊ ಹಾಗೂ ಭಾರತೀಯ ಮೂಲದ ಜರೀನಾ ಹಾಶ್ಮಿ ಅವರೊಡನೆ ಸೇರಿ ‘ಡಯಲೆಕ್ಟಿಕ್ಸ್ ಆಫ್ ಐಸೊಲೇಷನ್’ ಎಂಬ ಪ್ರದರ್ಶನವನ್ನು ಇದೇ ಗ್ಯಾಲರಿಯಲ್ಲಿ ಸಂಯೋಜಿಸಿದರು. ಅಮೆರಿಕದಲ್ಲಿ ನೆಲೆಸಿದ್ದ, ಆ ಕಾಲದ ಬಳಕೆಯಂತೆ ‘ತೃತೀಯ ಜಗತ್ತಿನ’ ಎಂದು ಕರೆಯಲಾಗುತ್ತಿದ್ದ ಎಂಟು ಮಂದಿ ಕಲಾವಿದೆಯರ ಕೃತಿಗಳು ಅದರಲ್ಲಿದ್ದವು. ಚಳವಳಿಯು ಬಿಳಿಯ ಮಧ್ಯಮವರ್ಗದ ಚಳವಳಿಯಾಗಿಯೇ ಉಳಿದಿದೆ ಎಂಬ ಆಕ್ಷೇಪವನ್ನು ಮೆಂಡಿಯೆಟಾ ಅವರು ಪ್ರದರ್ಶನದ ಪುಸ್ತಿಕೆಯಲ್ಲಿಯೇ ನೇರವಾಗಿ ಬರೆದರು. ಪಿಂಡೆಲ್ ಅವರ ‘ಫ್ರೀ, ವೈಟ್ ಅಂಡ್ 21’ ಎಂಬ ಸುಮಾರು 12 ನಿಮಿಷಗಳ ವಿಡಿಯೊ ಕೃತಿಯೂ ಅದರಲ್ಲಿತ್ತು. ತಾವು ಅನುಭವಿಸಿದ ಅವಮಾನಗಳನ್ನು ಅವರು ಅದರಲ್ಲಿ ಶಾಂತವಾಗಿ ನಿರೂಪಿಸುತ್ತಾರೆ. ನಡುನಡುವೆ ಬಿಳಿಯ ಮಹಿಳೆಯ ವೇಷದಲ್ಲಿ ತಾವೇ ಕಾಣಿಸಿಕೊಂಡು, ಆ ಅನುಭವಗಳನ್ನೆಲ್ಲ ತಳ್ಳಿಹಾಕುತ್ತಾರೆ.

ತನ್ನ ವಿರುದ್ಧದ ಆಕ್ಷೇಪಕ್ಕೆ ತನ್ನದೇ ಗೋಡೆಯನ್ನು ನೀಡಿದ್ದು ಗ್ಯಾಲರಿಯ ಹೆಚ್ಚುಗಾರಿಕೆಯೆಂದು ಹೇಳಬಹುದು. ಆದರೆ ಅದರಿಂದ ಸಮಸ್ಯೆ ಬಗೆಹರಿಯಿತೆಂದು ತಿಳಿಯಬಾರದು. ಮೆಂಡಿಯೆಟಾ ಅವರೂ 1982ರಲ್ಲಿ ಗ್ಯಾಲರಿಯನ್ನು ಬಿಟ್ಟರು. ಒಂದು ಗುಂಪಿಗೆ ಆತ್ಮವಿಶ್ವಾಸ ನೀಡಿದ ಆವರಣವು ಅದರೊಳಗಿನ ಇನ್ನೊಬ್ಬರಿಗೆ ಒಂಟಿತನವನ್ನೂ ನೀಡಬಲ್ಲದು. ನಮ್ಮ ನಾಡಿನಲ್ಲಿ ಸಂಘ ಕಟ್ಟುವವರು ಜಾತಿ, ಊರು, ಭಾಷೆ, ಕಲಿತ ಕಲಾಶಾಲೆ ಇವುಗಳ ವಿಷಯದಲ್ಲಿ ಇದೇ ಪ್ರಶ್ನೆಯನ್ನು ತಮಗೆ ಹಾಕಿಕೊಳ್ಳಬೇಕಾಗುತ್ತದೆ.

ಭಾರತದೊಂದಿಗಿನ ಸಂಬಂಧ

ಜರೀನಾ ಹಾಶ್ಮಿ (1937-2020) ಅವರು ಅಲಿಗಢದಲ್ಲಿ ಜನಿಸಿದವರು. ಮರದಚ್ಚಿನ ಮುದ್ರಣ ಹಾಗೂ ಕೈಕಾಗದದ ಕೃತಿಗಳಿಗೆ ಹೆಸರಾದ ಅವರು ಮನೆ, ಗಡಿ, ವಲಸೆಗಳನ್ನು ಕುರಿತು ಕೃತಿಗಳನ್ನು ರಚಿಸಿದರು. 1999ರ ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ 36 ಮರದಚ್ಚುಗಳ ಸಂಪುಟ. 2011ರಲ್ಲಿ ವೆನಿಸ್ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿ ಭಾರತದ ಪ್ರತಿನಿಧಿಗಳಲ್ಲಿ ಅವರೂ ಒಬ್ಬರಾಗಿದ್ದರು. ಆಗ ಅವರ ವಯಸ್ಸು ಎಪ್ಪತ್ತನ್ನು ದಾಟಿತ್ತು.

ಎರಡನೆಯ ಸಂಬಂಧವು ಇನ್ನೂ ನೇರವಾದುದು. ಮುಂಬಯಿಯ ಕಲಾವಿದೆ ನಳಿನಿ ಮಲಾನಿ ಅವರು 1979ರಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ ಈ ಗ್ಯಾಲರಿಗೆ ಭೇಟಿ ನೀಡಿ, ನ್ಯಾನ್ಸಿ ಸ್ಪೀರೊ, ಆನಾ ಮೆಂಡಿಯೆಟಾ ಮೊದಲಾದವರನ್ನು ಕಂಡರು. ಭಾರತದಲ್ಲಿಯೂ ಕಲಾವಿದೆಯರದೇ ಆದ ಪ್ರದರ್ಶನವನ್ನು ಏರ್ಪಡಿಸಬೇಕೆಂದು ಅವರು ಸಂಕಲ್ಪಿಸಿದರು. ಅದು ಕೂಡಲೇ ಕೈಗೂಡಲಿಲ್ಲ. 1985ರಲ್ಲಿ ದೆಹಲಿಯಲ್ಲಿ ಅಂತಹ ಪ್ರದರ್ಶನವೊಂದು ನಡೆಯಿತು. ಬಳಿಕ 1987ರಿಂದ 1989ರವರೆಗೆ ಮಲಾನಿ, ಅರ್ಪಿತಾ ಸಿಂಗ್, ನೀಲಿಮಾ ಶೇಖ್ ಮತ್ತು ಮಾಧ್ವಿ ಪಾರೇಖ್ ಈ ನಾಲ್ವರ ‘ಥ್ರೂ ದಿ ಲುಕಿಂಗ್ ಗ್ಲಾಸ್’ ಎಂಬ ಪ್ರದರ್ಶನವು ದೇಶದ ಐದು ವಾಣಿಜ್ಯೇತರ ಸ್ಥಳಗಳಿಗೆ ಸಂಚರಿಸಿತು. ಭಾರತದ ಆಧುನಿಕ ಕಲೆಯ ಇತಿಹಾಸದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿದೆ. ಗ್ಯಾಲರಿಯೊಂದರ ಪ್ರಯೋಜನವನ್ನು ಮಾರಾಟದ ಲೆಕ್ಕದಿಂದ ಮಾತ್ರ ಅಳೆಯುವವರು ಇಂತಹ ಫಲವನ್ನು ಯಾವ ಕಲಮಿನಲ್ಲಿ ನಮೂದಿಸುತ್ತಾರೋ ತಿಳಿಯದು.

ಅಲ್ಲಿಂದೀಚೆಗೆ

ಸೋಹೊ ಪ್ರದೇಶದಲ್ಲಿ ಬಾಡಿಗೆ ಏರುತ್ತ ಹೋದಂತೆ ಕಲಾವಿದರು ಅಲ್ಲಿಂದ ಚದುರಿದರು. ಎ.ಐ.ಆರ್. ಗ್ಯಾಲರಿಯು 1981ರಲ್ಲಿ ಕ್ರಾಸ್ಬಿ ಬೀದಿಗೆ, 1994ರಲ್ಲಿ ವೂಸ್ಟರ್ ಬೀದಿಯ ಬೇರೊಂದು ಕಟ್ಟಡಕ್ಕೆ, 2002ರಲ್ಲಿ ಚೆಲ್ಸಿ ಪ್ರದೇಶಕ್ಕೆ, 2008ರಲ್ಲಿ ಬ್ರೂಕ್ಲಿನ್ ಭಾಗಕ್ಕೆ, 2015ರಲ್ಲಿ ಅಲ್ಲಿಯೇ ಪ್ಲಿಮತ್ ಬೀದಿಗೆ ಸ್ಥಳಾಂತರಗೊಂಡಿತು. ಇದರ ಮಾದರಿಯಲ್ಲಿ 1973ರಲ್ಲಿ ನ್ಯೂಯಾರ್ಕಿನಲ್ಲಿ ಸೋಹೊ 20, ಚಿಕಾಗೊದಲ್ಲಿ ಆರ್ಟಿಮಿಸಿಯಾ ಮತ್ತು ಎ.ಆರ್.ಸಿ. ಗ್ಯಾಲರಿಗಳು ಪ್ರಾರಂಭವಾದವು. ಎಲ್ಲವೂ ಉಳಿಯಲಿಲ್ಲ, ಆರ್ಟಿಮಿಸಿಯಾ 2003ರಲ್ಲಿ ಮುಚ್ಚಿತು.

ಉದಯೋನ್ಮುಖ ಹಾಗೂ ಸಾಕಷ್ಟು ಅವಕಾಶ ದೊರೆಯದ ಕಲಾವಿದೆಯರಿಗಾಗಿ ಎ.ಐ.ಆರ್. ಗ್ಯಾಲರಿಯು 1993ರಲ್ಲಿ ಫೆಲೋಶಿಪ್ ಯೋಜನೆಯನ್ನು ಆರಂಭಿಸಿತು. ಸದಸ್ಯತ್ವ ಶುಲ್ಕವನ್ನು ಭರಿಸಲಾಗದವರಿಗೆ ಸಹಕಾರಿ ಗ್ಯಾಲರಿಯ ಬಾಗಿಲು ತಾನಾಗಿಯೇ ಮುಚ್ಚಿರುತ್ತದೆ ಎಂಬುದು ಇಂತಹ ಸಂಸ್ಥೆಗಳ ಮೇಲಿನ ಹಳೆಯ ದೂರು. ಈ ಯೋಜನೆಯು ಅದಕ್ಕೆ ತಕ್ಕಮಟ್ಟಿನ ಪರಿಹಾರವೆನ್ನಬಹುದು. ಆಯ್ಕೆಯಾದವರಿಗೆ ಹಿರಿಯರ ಮಾರ್ಗದರ್ಶನ, ವೃತ್ತಿ ಸಂಬಂಧಿ ಕಾರ್ಯಾಗಾರಗಳು ಹಾಗೂ ಏಕವ್ಯಕ್ತಿ ಪ್ರದರ್ಶನದ ಅವಕಾಶ ದೊರೆಯುತ್ತವೆ.

ಅರ್ಜಿ ಸಲ್ಲಿಸುವವರ ಗಮನಕ್ಕೆ

ವಿದೇಶದ ಅಥವಾ ಸ್ವದೇಶದ ಯಾವುದೇ ಗ್ಯಾಲರಿಗೆ ಅರ್ಜಿ ಸಲ್ಲಿಸುವ ಮುನ್ನ ಆ ಸಾಲಿನ ಪ್ರಕಟಣೆಯನ್ನು ಸಂಸ್ಥೆಯಿಂದಲೇ ನೇರವಾಗಿ ಪಡೆದು ಪೂರ್ತಿಯಾಗಿ ಓದತಕ್ಕದ್ದು. ವಾಸಸ್ಥಳದ ನಿಬಂಧನೆ, ಶುಲ್ಕ, ಕೃತಿ ಸಾಗಾಣಿಕೆಯ ವೆಚ್ಚ ಯಾರದು, ಪ್ರದರ್ಶನದ ಅವಧಿಯಲ್ಲಿ ವಿಮೆ ಇದೆಯೇ ಎಂಬ ನಾಲ್ಕು ಅಂಶಗಳನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳದೆ ಕೃತಿಗಳನ್ನು ಕಳುಹಿಸಬಾರದು. ಗೋಡೆಯ ಜಾಗಕ್ಕೆ ಬಾಡಿಗೆ ಪಡೆದು, ಆಯ್ಕೆಯೇ ಇಲ್ಲದೆ ಎಲ್ಲರ ಕೃತಿಗಳನ್ನೂ ಪ್ರದರ್ಶಿಸುವ ವ್ಯಾಪಾರಿ ಸಂಸ್ಥೆಗಳೂ ಇವೆ. ಸಹಕಾರಿ ಗ್ಯಾಲರಿಯ ಸದಸ್ಯತ್ವ ಶುಲ್ಕಕ್ಕೂ ಇದಕ್ಕೂ ವ್ಯತ್ಯಾಸವಿದೆ: ಮೊದಲನೆಯದರಲ್ಲಿ ಹಣದೊಂದಿಗೆ ಮತವೂ ಇರುತ್ತದೆ, ಎರಡನೆಯದರಲ್ಲಿ ರಸೀದಿ ಮಾತ್ರ ದೊರೆಯುತ್ತದೆ.

ಕೃತಿಗಳ ಸ್ಪಷ್ಟವಾದ ಛಾಯಾಚಿತ್ರಗಳು, ಪ್ರತಿಯೊಂದರ ಅಳತೆ, ಮಾಧ್ಯಮ ಹಾಗೂ ವರ್ಷ, ಒಂದು ಪುಟ ಮೀರದ ಸ್ವವಿವರಣೆ ಇವು ಸಾಮಾನ್ಯವಾಗಿ ಎಲ್ಲ ಕಡೆಯೂ ಕೇಳಲ್ಪಡುತ್ತವೆ. ಅನೇಕ ಅರ್ಜಿದಾರರು ಸ್ವವಿವರಣೆಯನ್ನು ಕ್ಷಮೆ ಕೋರುವ ಧಾಟಿಯಲ್ಲಿ ಬರೆಯುವುದುಂಟು. ಮದುವೆ, ಮಕ್ಕಳ ಪಾಲನೆಗಳಿಂದ ಕೆಲಸ ನಿಂತಿದ್ದ ವರ್ಷಗಳಿಗೆ ಸಮಜಾಯಿಷಿ ನೀಡಬೇಕಾದ ಅಗತ್ಯವಿಲ್ಲ. ಆಯ್ಕೆ ಸಮಿತಿಯು ನೋಡುವುದು ಕೃತಿಗಳನ್ನು.

ಕರ್ನಾಟಕದಲ್ಲಿ ಸಂಘ ರಚಿಸಬಯಸುವವರಿಗೆ

ಕಲಾವಿದೆಯರು ಕೂಡಿ ಇಂತಹ ಲಾಭರಹಿತ ಸಂಘವನ್ನು ಸ್ಥಾಪಿಸಬಯಸಿದಲ್ಲಿ, ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಲಲಿತಕಲೆಗಳ ಅಭಿವೃದ್ಧಿಯು ಸದರಿ ಅಧಿನಿಯಮವು ಒಪ್ಪುವ ಉದ್ದೇಶಗಳಲ್ಲಿ ಒಂದಾಗಿದೆ. ಕನಿಷ್ಠ ಏಳು ಮಂದಿ ಸದಸ್ಯರು ಸೇರಿ, ಉದ್ದೇಶಗಳನ್ನು ತಿಳಿಸುವ ಜ್ಞಾಪನ ಪತ್ರವನ್ನೂ ನಿಯಮಾವಳಿಯನ್ನೂ ಸಿದ್ಧಪಡಿಸಿ, ಸಂಬಂಧಪಟ್ಟ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ ಸಲ್ಲಿಸತಕ್ಕದ್ದು. ನೋಂದಣಿಯ ನಂತರ ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸುವುದು, ಲೆಕ್ಕಪರಿಶೋಧನೆ ಮಾಡಿಸಿ ವಿವರಗಳನ್ನು ಸಲ್ಲಿಸುವುದು ಕಡ್ಡಾಯವಾಗಿರುತ್ತದೆ. ವಿದೇಶಗಳಿಂದ ದೇಣಿಗೆ ಪಡೆಯಬೇಕಾದಲ್ಲಿ ವಿದೇಶಿ ವಂತಿಗೆ (ನಿಯಂತ್ರಣ) ಅಧಿನಿಯಮ, 2010ರ ಅಡಿಯಲ್ಲಿ ಕೇಂದ್ರ ಗೃಹ ಮಂತ್ರಾಲಯದ ನೋಂದಣಿ ಅಥವಾ ಪೂರ್ವಾನುಮತಿ ಅಗತ್ಯ.

ನಿಯಮಾವಳಿಯನ್ನು ಸಿದ್ಧ ನಮೂನೆಯಿಂದ ಹಾಗೆಯೇ ನಕಲು ಮಾಡುವುದು ರೂಢಿಯಲ್ಲಿದೆ. ಹೊಸ ಸದಸ್ಯೆಯರನ್ನು ಯಾರು, ಯಾವ ಮಾನದಂಡದ ಮೇಲೆ ಆರಿಸಬೇಕು. ಪ್ರದರ್ಶನದ ಸರದಿ ಹೇಗೆ. ಶುಲ್ಕ ಕಟ್ಟಲಾಗದವರಿಗೆ ಯಾವ ರಿಯಾಯಿತಿ. ಪದಾಧಿಕಾರಿಗಳ ಅವಧಿ ಎಷ್ಟು ಎಂಬುದನ್ನು ಮೊದಲೇ ಚರ್ಚಿಸಿ ಬರೆದಿಟ್ಟುಕೊಂಡಲ್ಲಿ ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಸಭೆಯ ನಡವಳಿ, ಆಹ್ವಾನ ಪತ್ರಿಕೆ, ಕೃತಿಗಳ ಛಾಯಾಚಿತ್ರ ಮತ್ತು ಪತ್ರವ್ಯವಹಾರವನ್ನು ಮೊದಲ ದಿನದಿಂದಲೇ ಕಡತದಲ್ಲಿ ಇರಿಸಿಕೊಳ್ಳತಕ್ಕದ್ದು. ಎ.ಐ.ಆರ್. ಗ್ಯಾಲರಿಯ ಇಂತಹ ಕಾಗದಪತ್ರಗಳು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಫೇಲ್ಸ್ ಗ್ರಂಥಾಲಯದಲ್ಲಿ ಸಂರಕ್ಷಿಸಲ್ಪಟ್ಟಿದ್ದು, ಸಂಶೋಧಕರ ಪರಿಶೀಲನೆಗೆ ಲಭ್ಯವಿವೆ.